ಆ ಆಡಿಯೋದಲ್ಲಿರುವ ದನಿ ನನ್ನದು, ದಯವಿಟ್ಟು ಯಾರಿಗೂ ಕಳಿಸಬೇಡಿ

ನಮ್ಮ ಕಡೆಯ ಕ್ರೈಸ್ತ ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಆಡಿಯೋ ಸುತ್ತುತ್ತಿದೆ. ಒಬ್ಬ ಹೆಂಗಸು ಅಳುತ್ತಾ ನಗುತ್ತಾ ಸಾಕ್ಷಿ ಹೇಳುತ್ತಾಳೆ. 14 ವರ್ಷದ ಹುಡುಗಿ, ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ಇನ್ಸುಲಿನ್ ನಿಲ್ಲಿಸಿ ಒಂದು ದಿನ ಆಯಿತು, ಮಗು ಓಡಾಡಿಕೊಂಡಿದೆ, ದೇವರು ಮುಟ್ಟಿದ್ದಾರೆ, ಹಲ್ಲೆಲೂಯಾ. ಹಿಂದೆ ಹತ್ತಾರು ಜನ ಆಮೆನ್ ಅನ್ನುವುದು ಕೇಳಿಸುತ್ತದೆ.

ಆ ದನಿ ನನ್ನದು. ಅದನ್ನು ರೆಕಾರ್ಡ್ ಮಾಡಿದ 26 ಗಂಟೆಯ ನಂತರ ಆ ಹುಡುಗಿ ಐಸಿಯುನಲ್ಲಿದ್ದಳು. ಅದು ಆಡಿಯೋದಲ್ಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ. 1906ರಲ್ಲಿ ಮೆಥಡಿಸ್ಟ್ ಮಿಷನ್ನಿನವರು ತೆರೆದದ್ದು, ಊರಿನವರ ಬಾಯಲ್ಲಿ ಬರೀ ಮಿಷನ್ ಆಸ್ಪತ್ರೆ. ನಮ್ಮಜ್ಜಿ ಅಲ್ಲಿ ಆಯಾ ಆಗಿದ್ದರು. ಬೆಳಿಗ್ಗೆ ವಾರ್ಡಿನಲ್ಲಿ ಪ್ರಾರ್ಥನೆ, ಆಮೇಲೆ ಗಾಯ ತೊಳೆದು ಪಟ್ಟಿ ಕಟ್ಟುವುದು. ಇವೆರಡರ ನಡುವೆ ಜಗಳವಿದೆ ಎಂದು ಅವರು ಕನಸಿನಲ್ಲೂ ಅಂದುಕೊಂಡವರಲ್ಲ. ಅಂಥ ಮನೆಯಲ್ಲಿ ಬೆಳೆದ ನಾನು ಒಂದು ಮಗುವಿನ ಔಷಧಿಯನ್ನು ಎತ್ತಿ ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡೆ.

ಹೇಗೆ ಆಯಿತು ಅಂತ ಹೇಳುತ್ತೇನೆ. ಗಂಡ ತೀರಿಕೊಂಡ ಮೇಲೆ ನಾನು ಭಾನುವಾರದ ಚರ್ಚಿನ ಜೊತೆಗೆ ಶುಕ್ರವಾರ ಸಂಜೆಯ ಒಂದು ಪ್ರಾರ್ಥನಾ ಗುಂಪಿಗೂ ಹೋಗತೊಡಗಿದೆ. ಒಂದು ಮನೆಯ ಮಹಡಿಯ ಹಾಲ್, ಜಮಖಾನೆ, ಮೂವತ್ತು ಜನ. ಅಲ್ಲಿನ ಪಾಸ್ಟರ್ ಮೋಸಗಾರರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಯಾರಿಂದಲೂ ದುಡ್ಡು ಕಿತ್ತುಕೊಂಡವರಲ್ಲ. ನನ್ನ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಗುಂಪಿನ ಜನರೂ ಹಾಗೆಯೇ. ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು, ಹೇಳದೆಯೇ ಚೀಲ ಬಂದು ಬಾಗಿಲಲ್ಲಿ ಕೂತಿರುತ್ತಿತ್ತು. ಕೆಟ್ಟ ಜನರ ಕೈಗೆ ಸಿಕ್ಕಿ ಹೀಗಾಯಿತು ಅಂದುಬಿಟ್ಟರೆ ನನಗೆ ಹಗುರವಾಗುತ್ತಿತ್ತು. ಆದರೆ ಅದು ಸುಳ್ಳಾಗುತ್ತದೆ.

ಹುಡುಗಿಯ ಅಮ್ಮ ನಮ್ಮ ಗುಂಪಿನವಳು, ಹೊಲಿಗೆ ಕೆಲಸ. ಅಪ್ಪ ಆಟೋ ಓಡಿಸುತ್ತಾರೆ, ಪ್ರಾರ್ಥನೆಗೆ ಬರುವವರಲ್ಲ. ಅವರು ರಕ್ಷಣೆ ಹೊಂದಲಿ ಅಂತ ಪ್ರತಿ ಶುಕ್ರವಾರ ಹೆಸರು ಹೇಳಿ ಬೇಡಿಕೊಳ್ಳುತ್ತಿದ್ದೆವು. ಮಗಳಿಗೆ 9 ವರ್ಷವಿದ್ದಾಗಲೇ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಗಿತ್ತು. ದಿನಕ್ಕೆ ನಾಲ್ಕು ಸಲ ಚುಚ್ಚಬೇಕು. ಇನ್ಸುಲಿನ್, ಸಿರಿಂಜು, ಸಕ್ಕರೆ ನೋಡುವ ಸ್ಟ್ರಿಪ್ಪು ಅಂತ ತಿಂಗಳು ತಿಂಗಳು ಖರ್ಚು. ಐದು ವರ್ಷ ಹೀಗೆ ತೇಯ್ದು ಹೋಗಿದ್ದ ತಾಯಿ ಅವಳು. ಒಂದು ದಿನವಾದರೂ ಚುಚ್ಚದೆ ಇರುವ ದಿನ ಬರಲಿ ಅಂತ ಮಾತ್ರ ಕೇಳುತ್ತಿದ್ದಳು.

21 ದಿನದ ಉಪವಾಸ ಪ್ರಾರ್ಥನೆಯ ಕೊನೆಯ ಶುಕ್ರವಾರ. ಪಾಸ್ಟರ್ ಹುಡುಗಿಯ ಹಣೆಗೆ ಎಣ್ಣೆ ಹಚ್ಚಿ ತುಂಬ ಹೊತ್ತು ಪ್ರಾರ್ಥಿಸಿದರು. ಆಮೇಲೆ ತಾಯಿಯ ಕಡೆ ತಿರುಗಿ, "ಕೈಯಲ್ಲಿ ಹಿಡ್ಕೊಂಡಿರೋದನ್ನ ಬಿಡು ಅಂತ ಕರ್ತರು ಹೇಳ್ತಿದ್ದಾರೆ ಸಿಸ್ಟರ್. ಅದು ಯಾವುದು ಅಂತ ನಿಮಗೇ ಗೊತ್ತು" ಅಂದರು. ಇನ್ಸುಲಿನ್ ಅನ್ನುವ ಮಾತು ಅವರ ಬಾಯಿಂದ ಬರಲೇ ಇಲ್ಲ. ಅದನ್ನು ಪೂರ್ತಿ ಮಾಡಿದವಳು ನಾನು. ಗುಂಪಿನಲ್ಲಿ ವಯಸ್ಸಿನಲ್ಲಿ ದೊಡ್ಡವಳು, ವಾಕ್ಯ ಬಲ್ಲವಳು ಅಂತ ಹೆಸರಿತ್ತು. ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

ಅವಳ ಜೊತೆ ಮನೆಗೆ ಹೋದೆ. ಫ್ರಿಜ್ಜಿನ ಬಾಗಿಲಲ್ಲಿ, ಮೊಟ್ಟೆ ಇಡುವ ಕಡೆ, ನೀಲಿ ಮುಚ್ಚಳದ ಒಂದು ಪುಟ್ಟ ಡಬ್ಬಿ. ಒಳಗೆ ಎರಡು ಬಾಟಲಿ, ಮುಚ್ಚಳದ ಮೇಲೆ ಹುಡುಗಿ ತನ್ನ ಹೆಸರು ಬರೆದು ಪಕ್ಕದಲ್ಲಿ ಒಂದು ಹೂವು ಬಿಡಿಸಿದ್ದಳು. "ಇದು ಮನೇಲಿದ್ರೆ ಸೈತಾನ ನಿನ್ನನ್ನ ಶೋಧನೆಗೆ ಎಳೀತಾನೆ, ನನ್ನ ಹತ್ರ ಇರ್ಲಿ" ಅಂತ ಎತ್ತಿಕೊಂಡೆ. ಅವಳು ನನ್ನ ಕೈ ಹಿಡಿದು ಅತ್ತಳು. ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದವಳು ಕೇಳಿದಳು: "ಆಂಟಿ, ಹಾಗಾದ್ರೆ ಪಾಸ್ಟರ್ ಅಂಕಲ್ ಕನ್ನಡಕ ಯಾಕೆ ತೆಗೆದಿಲ್ಲ?"

ಹಾಗೆಲ್ಲ ಕೇಳಬಾರದು ಅಂದೆ.

ಆ ರಾತ್ರಿ ಮನೆಗೆ ಬಂದು ಮಲಗಿದಾಗ ಮನಸ್ಸಿಗೆ ಎಂಥ ನೆಮ್ಮದಿ ಇತ್ತು ಅಂದರೆ, ಗಂಡ ಹೋದ ಮೇಲೆ ಅಷ್ಟು ಚೆನ್ನಾಗಿ ನಿದ್ದೆ ಮಾಡಿದ್ದು ಅದೇ ಮೊದಲು. ದೇವರ ಚಿತ್ತದಲ್ಲಿದ್ದರೆ ಮನಸ್ಸಿಗೆ ಸಮಾಧಾನ ಸಿಗುತ್ತದೆ ಅಂತ ನಮಗೆ ಕಲಿಸಿದ್ದಾರೆ. ನನಗೆ ಸಮಾಧಾನ ಸಿಕ್ಕಿತ್ತು. ಡಬ್ಬಿ ಮಂಚದ ಪಕ್ಕದ ಬ್ಯಾಗಿನಲ್ಲಿತ್ತು.

ಶನಿವಾರ ಹುಡುಗಿ ನೀರು ಕುಡಿದೂ ಕುಡಿದೂ ಸಾಕಾಗುತ್ತಿರಲಿಲ್ಲ. ಜೀವಜಲದ ದಾಹ ಅಂದರು ಒಬ್ಬ ಸಿಸ್ಟರ್. ಸಂಜೆ ಏಳಕ್ಕೆ ಎಲ್ಲರೂ ಸೇರಿ ಸ್ತೋತ್ರ ಮಾಡಿದೆವು, ಆಗಲೇ ನಾನು ಆ ಸಾಕ್ಷಿ ಹೇಳಿದ್ದು, ಯಾರೋ ಫೋನಿನಲ್ಲಿ ಹಿಡಿದದ್ದು. ಭಾನುವಾರ ಆರಾಧನೆ ಮುಗಿಸಿ ಹೋಗುವಷ್ಟರಲ್ಲಿ ಹೊಟ್ಟೆನೋವು, ವಾಂತಿ. ಕೆಟ್ಟದ್ದೆಲ್ಲ ಹೊರಗೆ ಹೋಗುತ್ತಿದೆ ಅಂತ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡೆವು. ಸಂಜೆಯ ಹೊತ್ತಿಗೆ ಅವಳ ಉಸಿರಾಟ ಬದಲಾಗಿತ್ತು. ಓಡಿ ಬಂದವರ ಹಾಗೆ ಅಲ್ಲ. ಆಳಕ್ಕೆ ಎಳೆದು ಎಳೆದು, ಒಂದೇ ಸಮನೆ, ಎದೆಗೂಡೆಲ್ಲ ಏಳುವ ಹಾಗೆ. ಪವಿತ್ರಾತ್ಮರು ಆ ಮಗುವಿನಲ್ಲಿ ಉಸಿರಾಡುತ್ತಿದ್ದಾರೆ ಅಂದುಕೊಂಡೆ. ನಾನು ಹತ್ತಿರ ಬಗ್ಗಿದಾಗ ಬಾಯಿಂದ ಕಳಿತ ಬಾಳೆಹಣ್ಣಿನಂಥ ಒಂದು ವಾಸನೆ ಬಂತು. ಹಣ್ಣು ಏನಾದರೂ ತಿಂದಿದ್ದಾಳಾ ಅಂತ ತಾಯಿಯನ್ನು ಕೇಳಿದೆ. ಬೆಳಗಿನಿಂದ ಏನೂ ತಿಂದಿಲ್ಲ ಅಕ್ಕ ಅಂದಳು.

ಎಂಟೂವರೆಗೆ ಅಪ್ಪ ಬಾಡಿಗೆ ಮುಗಿಸಿ ಬಂದರು. ನಾವು ಹಾಡುತ್ತಿದ್ದೆವು. ಮಗಳ ಕಡೆ ಒಂದು ಸಲ ನೋಡಿ ಸೀದಾ ಫ್ರಿಜ್ಜಿಗೆ ಹೋದರು. "ಡಬ್ಬಿ ಎಲ್ಲಿ? ಅಕ್ಕ, ಡಬ್ಬಿ ಎಲ್ಲಿ?" ಅಂತ ನನ್ನನ್ನೇ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಅದು ನನ್ನ ತೊಡೆಯ ಮೇಲಿದ್ದ ಬ್ಯಾಗಿನಲ್ಲೇ ಇತ್ತು. ಅವರು ಇನ್ನೊಂದು ಮಾತಾಡದೆ ಮಗಳನ್ನು ಎತ್ತಿಕೊಂಡು ಆಟೋದಲ್ಲಿ ಮಲಗಿಸಿ ಹೊರಟುಬಿಟ್ಟರು. ರಕ್ಷಣೆ ಹೊಂದಲಿ ಅಂತ ನಾವು ಬೇಡಿಕೊಳ್ಳುತ್ತಿದ್ದ ಮನುಷ್ಯ.

ನಾನು ಹಿಂದಿನಿಂದ ಹೋಗಿ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತೆ. ಸಕ್ಕರೆ ನೋಡುವ ಮೆಷಿನ್‌ನಲ್ಲಿ ಅಂಕಿಯೇ ಬರಲಿಲ್ಲವಂತೆ, ಬರೀ 'ಹೈ' ಅಂತ ತೋರಿಸಿತಂತೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೈಯಲಿಲ್ಲ. ನಿಧಾನವಾಗಿ ಬಿಡಿಸಿ ಹೇಳಿದರು. ಈ ಮಕ್ಕಳ ಮೈ ತಾನಾಗಿ ಇನ್ಸುಲಿನ್ ಮಾಡಿಕೊಳ್ಳುವುದಿಲ್ಲ. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಮೈಗೆ ಅದನ್ನು ಬಳಸಲು ಬರುವುದಿಲ್ಲ, ಕೊಬ್ಬನ್ನು ಉರಿಸತೊಡಗುತ್ತದೆ, ಅದರಿಂದ ಕೀಟೋನ್ ಹುಟ್ಟಿ ರಕ್ತ ಆಮ್ಲವಾಗುತ್ತದೆ. ಆ ಆಮ್ಲವನ್ನು ಹೊರಹಾಕಲು ಮೈ ಒದ್ದಾಡುವುದೇ ಆ ಆಳವಾದ ಉಸಿರು. ಹಣ್ಣಿನ ವಾಸನೆಯೂ ಅದೇ. ನಾನು ಪವಿತ್ರಾತ್ಮರ ಉಸಿರು ಅಂದುಕೊಂಡದ್ದು ಒಂದು ಮಗು ಸಾಯುವ ಹಾದಿಯಲ್ಲಿ ಉಸಿರಿಗಾಗಿ ಪಡುತ್ತಿದ್ದ ಪಾಡು.

ಅವಳು ಉಳಿದಳು. ಮೂರು ದಿನ ಐಸಿಯು, ಡ್ರಿಪ್ಪಿನಲ್ಲಿ ಇನ್ಸುಲಿನ್. ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2008ರ ಮಾರ್ಚಿನಲ್ಲಿ 11 ವರ್ಷದ ಒಂದು ಹುಡುಗಿ ಇದೇ ತೊಂದರೆಯಿಂದ ತನ್ನ ಮನೆಯಲ್ಲೇ ಸತ್ತಳು. ಅಪ್ಪ ಅಮ್ಮ ಆಸ್ಪತ್ರೆಗೆ ಕರೆದೊಯ್ಯದೆ ಪ್ರಾರ್ಥಿಸುತ್ತಾ ಕೂತಿದ್ದರು. ಇಬ್ಬರೂ ಅಪರಾಧಿಗಳೆಂದು ತೀರ್ಪಾಯಿತು, 2013ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಗಳ ಮೇಲೆ ಪ್ರೀತಿ ಇರಲಿಲ್ಲ ಅಂತ ಅವರ ಬಗ್ಗೆ ನನಗಂತೂ ಅನ್ನಲಾಗುವುದಿಲ್ಲ. ಅವರ ಜಾಗದಲ್ಲಿ ನಾನು ಕೂತಿದ್ದೆ.

ಆಮೇಲೆ ನಾನು ಹುಡುಕಿ ಹುಡುಕಿ ಓದಿದೆ. 1978ರ ನವೆಂಬರ್ 18ರಂದು ಗಯಾನಾದ ಜೋನ್ಸ್‌ಟೌನ್‌ನಲ್ಲಿ 900ಕ್ಕೂ ಹೆಚ್ಚು ಜನ ಸತ್ತರಲ್ಲ, ಅವರಲ್ಲಿ ಸುಮಾರು 300 ಮಂದಿ ಮಕ್ಕಳು ಮತ್ತು ಹರೆಯದವರು. ಕೊಟ್ಟದ್ದು ವಿಷ ಬೆರೆಸಿದ ಪಾನಕ. ಆದರೆ ಅವರನ್ನು ಅಲ್ಲಿಗೆ ಕರೆದೊಯ್ದ ಪಾಸ್ಟರ್ ಜಿಮ್ ಜೋನ್ಸ್‌ನ ಸಭೆ ಶುರುವಾದದ್ದು ಹಾಗಲ್ಲ. ಕರಿಯರು ಬಿಳಿಯರು ಒಟ್ಟಿಗೆ ಕೂರದ ಕಾಲದಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, ಬಡವರಿಗೆ ಊಟ ಹಾಕುತ್ತಿದ್ದ ಸಭೆ ಅದು. ಒಳ್ಳೆಯದನ್ನು ಕಂಡು ಸೇರಿದ ಜನ. ಇನ್ನು ಕೀನ್ಯಾದ ಶಕಹೋಲಾ ಕಾಡಿನ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ. 2023ರಲ್ಲಿ ಅಲ್ಲಿ ನೆಲದಿಂದ 400ಕ್ಕಿಂತ ಹೆಚ್ಚು ಹೆಣ ತೆಗೆದರು. ಉಪವಾಸವಿದ್ದು ಸತ್ತರೆ ಯೇಸುವನ್ನು ಕಾಣುತ್ತೀರಿ ಎಂಬ ಬೋಧನೆ ಕೇಳಿದವರು, ಅವರಲ್ಲಿ ಮಕ್ಕಳೂ ಇದ್ದರು. ಆ ಮಕ್ಕಳಿಗೆ ಅನ್ನ ತಪ್ಪಿಸಿದ ಕೈಗಳು ಹೆತ್ತವರವು. ಆ ಕೈಗಳೂ ಜೋಡಿಸಿದ ಕೈಗಳೇ ಆಗಿದ್ದವು.

ನಿಮ್ಮನ್ನು ಕೊಲ್ಲುವವರು ತಾವು ದೇವರ ಸೇವೆ ಮಾಡುತ್ತಿದ್ದೇವೆ ಅಂದುಕೊಳ್ಳುವ ಕಾಲ ಬರುತ್ತದೆ ಎಂದು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ್ದು ಯೋಹಾನನ 16ನೇ ಅಧ್ಯಾಯದಲ್ಲಿದೆ. ಅದನ್ನು ನಾನು ನೂರು ಸಲ ಓದಿದ್ದೆ. ಪ್ರತಿ ಸಲವೂ ಕೊಲ್ಲುವವರು ಬೇರೆ ಯಾರೋ, ನಾನು ಶಿಷ್ಯರ ಕಡೆಯವಳು ಅಂತಲೇ ಓದಿದ್ದೆ. ಸೈತಾನ ಬೆಳಕಿನ ದೂತನ ವೇಷ ಹಾಕುತ್ತಾನೆ ಅಂತ ಪೌಲ ಬರೆದದ್ದನ್ನೂ ಹಾಗೆಯೇ. ಆ ವೇಷಕ್ಕೆ ನನ್ನ ಮುಖ, ನನ್ನ ಸೀರೆ, ನನ್ನ ಸತ್ಯವೇದ ಬೇಕಾಗುತ್ತದೆ ಅಂತ ಹೊಳೆದಿರಲಿಲ್ಲ. ಅಪರಿಚಿತ ಬಂದು ಆ ಡಬ್ಬಿ ಕೇಳಿದ್ದರೆ ಆ ತಾಯಿ ಕೊಡುತ್ತಿರಲಿಲ್ಲ. ನಾನು ಅವಳನ್ನು ಪ್ರೀತಿಸುತ್ತೇನೆ ಅಂತ ಗೊತ್ತಿದ್ದದ್ದರಿಂದಲೇ ಕೊಟ್ಟಳು.

ಔಷಧಿ ತೆಗೆದುಕೊಳ್ಳುವುದು ಅಪನಂಬಿಕೆ ಅನ್ನುವುದು ಸತ್ಯವೇದದ ಮಾತಲ್ಲ. ಹಿಜ್ಕೀಯ ರಾಜ ಸಾಯುವ ಹಾಗಿದ್ದಾಗ ದೇವರು ಅವನ ಆಯಸ್ಸಿಗೆ 15 ವರ್ಷ ಕೂಡಿಸಿದರು, ಆದರೂ ಅಂಜೂರದ ಉಂಡೆಯನ್ನು ಹುಣ್ಣಿಗೆ ಕಟ್ಟಿ ಅಂತ ಪ್ರವಾದಿ ಯೆಶಾಯನೇ ಹೇಳಿದ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಪೌಲ ಬರೆದ. ಲೂಕ ವೈದ್ಯ. ದೇವಾಲಯದ ಶಿಖರದಿಂದ ಹಾರು, ದೂತರು ಎತ್ತಿಕೊಳ್ಳುತ್ತಾರೆ ಎಂದು ವಾಕ್ಯ ತೋರಿಸಿ ಯೇಸುವಿಗೆ ಹೇಳಿದ್ದು ಸೈತಾನ ಅಂತ ನಿಮಗೆಲ್ಲ ಗೊತ್ತು. ನಾನು ಆ ಮಗುವಿಗೆ ಹೇಳಿದ್ದೂ ಅದನ್ನೇ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊಟ್ಟಮೊದಲು ಇನ್ಸುಲಿನ್ ಚುಚ್ಚಿಸಿಕೊಂಡವನೂ 14 ವರ್ಷದ ಹುಡುಗ. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಒಣಗಿ ಒಣಗಿ ಸಾಯುತ್ತಿದ್ದರು. ಅಷ್ಟು ಮಕ್ಕಳ ತಾಯಂದಿರ ಪ್ರಾರ್ಥನೆಗೆ ಬಂದ ಉತ್ತರವನ್ನು ನಾನು ಫ್ರಿಜ್ಜಿನಿಂದ ಕದ್ದೆ ಅಂತ ಈಗ ಅನಿಸುತ್ತದೆ.

ಈಗ ಮುಖ್ಯವಾದದ್ದು. ಔಷಧಿ ನಿಲ್ಲಿಸಿ ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅದಕ್ಕಾಗಿ ಕಾಯಬೇಡಿ. "ನಿಮ್ಮ ಭರವಸೆ ಯಾವುದರ ಮೇಲೆ?" ಅಂತ ಕೇಳುತ್ತಾರೆ. "ಕೈಯಲ್ಲಿರೋದನ್ನ ಬಿಡು" ಅನ್ನುತ್ತಾರೆ. ಇನ್ನೊಬ್ಬರ ಸಾಕ್ಷಿ ಕೇಳಿಸುತ್ತಾರೆ. ಮಿಕ್ಕದ್ದನ್ನು ನನ್ನಂಥವರು ಮಾಡುತ್ತೇವೆ. ಗುಣವಾಗದಿದ್ದರೆ ನಿಮ್ಮ ನಂಬಿಕೆ ಸಾಲದು ಅಂತಾಗುತ್ತದೆ. ಗುಣವಾದರೆ ಆಸ್ಪತ್ರೆಯ ಹೆಸರೇ ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಆದದ್ದೂ ಅದೇ. ಹುಡುಗಿ ಮನೆಗೆ ಬಂದ ವಾರ ದೇವರು ಅವಳನ್ನು ಮರಣದಿಂದ ಎಬ್ಬಿಸಿದರು ಅಂತ ಸ್ತುತಿ ನಡೆಯಿತು. ನಾನು ಎದ್ದು ಡ್ರಿಪ್ಪಿನಲ್ಲಿ ಇನ್ಸುಲಿನ್ ಕೊಟ್ಟರು ಅಂದೆ. ಹಾಲ್‌ನಲ್ಲಿ ಯಾರೂ ಆಮೆನ್ ಅನ್ನಲಿಲ್ಲ. ಅಲ್ಲಿಂದ ನನಗೆ ಅಲ್ಲಿ ಜಾಗವಿಲ್ಲ. ಆಡಿಯೋ ಅಳಿಸಿ ಅಂತ ಮನೆ ಮನೆಗೆ ಹೋಗಿ ಕೇಳಿದ್ದೇನೆ, ಕೆಲವರು ಅಳಿಸಿದರು. ಆದರೂ ಅದು ಮೊನ್ನೆ ನನ್ನ ಫೋನಿಗೇ ವಾಪಸು ಬಂತು, ಪರಿಚಯವೇ ಇಲ್ಲದ ಊರಿನಿಂದ.

ಇನ್ಸುಲಿನ್ ಒಂದೇ ಅಲ್ಲ. ಟಿಬಿ ಮಾತ್ರೆ ಅರ್ಧಕ್ಕೆ ಬಿಟ್ಟರೆ ಕಾಯಿಲೆ ಔಷಧಿಗೆ ಬಗ್ಗದ ಹಾಗೆ ಬಲಿಯುತ್ತದೆ. ಪಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಪಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಮನಸ್ಸಿನ ಕಾಯಿಲೆಯ ಮಾತ್ರೆಗಳನ್ನು ದೆವ್ವ ಬಿಡಿಸುತ್ತೇವೆಂದು ನಿಲ್ಲಿಸಿದ ಮನೆಗಳನ್ನೂ ನೋಡಿದ್ದೇನೆ. ಪ್ರಾರ್ಥನೆ ಮಾಡಿಸಿಕೊಳ್ಳಿ, ಎಣ್ಣೆ ಹಚ್ಚಿಸಿಕೊಳ್ಳಿ, ನಾನು ಇವತ್ತಿಗೂ ದಿನಾ ಮೊಣಕಾಲೂರುತ್ತೇನೆ. ಮಾತ್ರೆ ನುಂಗಿ ಊರಿ.

ಸಕ್ಕರೆ ಕಾಯಿಲೆಯ ಮಗು ಅತಿಯಾಗಿ ನೀರು ಕುಡಿಯುತ್ತಾ, ಮೇಲಿಂದ ಮೇಲೆ ಉಚ್ಚೆಗೆ ಹೋಗುತ್ತಾ, ವಾಂತಿ, ಹೊಟ್ಟೆನೋವು, ಆಳವಾದ ಉಸಿರು, ಬಾಯಲ್ಲಿ ಹಣ್ಣಿನ ವಾಸನೆ, ಮಂಕು ಕಂಡರೆ ಬೆಳಗಾಗಲಿ ಅನ್ನಬೇಡಿ, ಪ್ರಾರ್ಥನೆ ಮುಗಿಯಲಿ ಅಂತಲೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮನೆಯವರು ಬಿಡದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಗುಂಪನ್ನು ಎದುರು ಹಾಕಿಕೊಳ್ಳಲು ಹೆದರಿಕೆಯಾದರೆ ನಿಮ್ಮ ಸಭೆಯಲ್ಲಿ ನರ್ಸ್ ಯಾರಿದ್ದಾರೆ ನೋಡಿ, ನಮ್ಮ ಸಭೆಗಳಲ್ಲಿ ನರ್ಸ್‌ಗಳಿಗೆ ಬರವಿಲ್ಲ, ಅವರನ್ನು ಕರೆದುಕೊಂಡು ಹೋಗಿ. ಮತ್ತೆ ಆ ಡಬ್ಬಿ ಯಾರ ಬ್ಯಾಗಿನಲ್ಲಿದೆ ಅಂತ ಮೊದಲು ಕೇಳಿ. ಕೇಳಿದಾಗ ತಲೆ ತಗ್ಗಿಸಿ ಸುಮ್ಮನಿರುವ ಹಿರಿಯ ಹೆಂಗಸು ಯಾರಾದರೂ ಇದ್ದರೆ ಅವರ ಬ್ಯಾಗನ್ನು ಕಿತ್ತುಕೊಳ್ಳಿ.