ತೋಟದ ಜೀಪು ಕಟ್ಟಿಸಿದ ಗ್ಯಾರೇಜು: ಎರಡು ಸಲ ಬಿಚ್ಚಿದ ಮೇಲೆ ಸರಿಯಾದ ಕೆಲಸ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಒಂದು ತುಂಡು ಗುಡ್ಡದಾಚೆ ಇದೆ. ಮಳೆಗಾಲಕ್ಕೆ ಮುಂಚೆ ಅಲ್ಲಿಗೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮನೆಯಂಗಳದಲ್ಲಿಯೇ ತಯಾರಿಸಿ ಒಯ್ಯಬೇಕಾಗುತ್ತದೆ. ಇದಕ್ಕೆಂದು ಹಳೆಯ ಮಹೀಂದ್ರಾ ಎಂಎಂ 540 ಜೀಪಿನ ಹಿಂಭಾಗವನ್ನು ಡ್ರಮ್ಮು, ಪಂಪು, ದೋಟಿಗಳಿಗೆ ಹೊಂದುವಂತೆ ಶಿವಮೊಗ್ಗದ ಒಂದು ಸಣ್ಣ ಗ್ಯಾರೇಜಿನಲ್ಲಿ ಕಟ್ಟಿಸಿದೆ. ಆದ ತಪ್ಪುಗಳಲ್ಲಿ ನನ್ನ ಪಾಲೂ ಸಾಕಷ್ಟಿರುವುದರಿಂದ ಗ್ಯಾರೇಜಿನ ಹೆಸರನ್ನು ಬೇಕೆಂದೇ ಬರೆದಿಲ್ಲ.

ಮೊದಲ ವಿನ್ಯಾಸ ನನ್ನದೇ. 200 ಲೀಟರಿನ ಡ್ರಮ್ಮನ್ನು ಹಿಂಬಾಗಿಲ ಹತ್ತಿರ ನಿಲ್ಲಿಸಿದರೆ ತುಂಬಲು ಸುಲಭವೆಂದು ಹೇಳಿದೆ. ಮೇಸ್ತ್ರಿಯವರು ಮರುಮಾತಾಡದೆ ಹಾಗೆಯೇ ಚೌಕಟ್ಟು ಬೆಸೆದುಕೊಟ್ಟರು. ಮೊದಲ ಏರಿನಲ್ಲಿಯೇ ಸ್ಟೇರಿಂಗ್ ಹಗುರಾಗಿ ಮುಂದಿನ ಚಕ್ರಗಳ ಹಿಡಿತ ತಪ್ಪತೊಡಗಿತು. ಇನ್ನೂರು ಕಿಲೋ ಭಾರ ಹಿಂದಿನ ಆಕ್ಸಲ್‌ಗಿಂತ ಆಚೆ ಕುಳಿತರೆ ಮೂತಿ ಎತ್ತದೆ ಇನ್ನೇನು? ಇಳಿಜಾರಿನ ತಿರುವುಗಳಲ್ಲಿ ಅರ್ಧ ಖಾಲಿಯಾದ ಡ್ರಮ್ಮಿನೊಳಗೆ ದ್ರಾವಣ ಹೊಯ್ದಾಡಿ, ಗಾಡಿ ಒಂದು ಬದಿಗೆ ವಾಲಿದಂತಾಗುತ್ತಿದ್ದುದು ಬೇರೆ.

ಎರಡನೆಯ ತಪ್ಪು ನನಗೆ ಹೆಚ್ಚು ನಾಚಿಕೆ ತಂದಿತು. ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ಅದ್ದಿದ ಕತ್ತಿಯ ಅಲಗಿಗೆ ಕೆಂಪಗೆ ತಾಮ್ರ ಹತ್ತುತ್ತದೆ ಎಂಬುದನ್ನು ಚಿಕ್ಕಂದಿನಿಂದ ಕಂಡವನು ನಾನು. ಅಂದರೆ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಆದರೂ ಅದರ ನೀರು ತುಳುಕುವ ಜಾಗಕ್ಕೆ ಸಾಧಾರಣ ಕಬ್ಬಿಣದ ತಗಡು ಹಾಕಿಸಿದೆ. ಬಣ್ಣ ಕೆರೆದುಹೋದ ಕಡೆಯೆಲ್ಲ ಒಂದೇ ಮಳೆಗಾಲದಲ್ಲಿ ತೂತು ಬಿದ್ದಿತು. ಅಲ್ಯೂಮಿನಿಯಂ ಹಾಕೋಣವೆಂದಾಗ ಮೇಸ್ತ್ರಿಯವರು ಸುಣ್ಣದ ನೀರು ಅದನ್ನೂ ತಿನ್ನುತ್ತದೆಂದು ತಡೆದರು. ಆ ಮಾತು ಮೊದಲ ದಿನವೇ ಬರಬೇಕಿತ್ತು.

ಮೂರನೆಯ ಸಲ ಅವರು ಚೌಕಟ್ಟನ್ನೆಲ್ಲ ಬಿಚ್ಚಿ, ಡ್ರಮ್ಮಿನ ಬದಲು 100 ಲೀಟರಿನ ಎರಡು ಗಿಡ್ಡ ಪ್ಲಾಸ್ಟಿಕ್ ಕ್ಯಾನುಗಳನ್ನು ಆಕ್ಸಲ್‌ಗಿಂತ ಮುಂದೆ, ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಆದಷ್ಟು ಹತ್ತಿರದಲ್ಲಿ ಕೂರಿಸಿ, ಕೆಳಗೆ ಸ್ಟೇನ್‌ಲೆಸ್ ಸ್ಟೀಲಿನ ತಟ್ಟೆ ಹಾಕಿ ಅದಕ್ಕೆ ನೀರು ಬಸಿಯುವ ತೂತುಗಳನ್ನು ಕೊರೆದರು. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕುವುದರಿಂದ ಹೊಯ್ದಾಟ ಬಹಳ ಕಡಿಮೆಯಾಗಿದೆ. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕಾದ್ದರಿಂದ ಕ್ಯಾನೇ ಅಳತೆಯ ಪಾತ್ರೆಯೂ ಆಯಿತು.

ಈ ಕೆಲಸದ ನಡುವೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚದೆ ವೆಲ್ಡಿಂಗ್ ಮಾಡಿದ್ದರಿಂದ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸುಟ್ಟುಹೋಯಿತು. ಗ್ಯಾರೇಜಿನವರು ಅದನ್ನು ಮುಚ್ಚಿಡಲಿಲ್ಲ. ನಾನು ಕೇಳುವ ಮೊದಲೇ ಫೋನ್ ಮಾಡಿ ತಿಳಿಸಿ ತಮ್ಮ ಖರ್ಚಿನಲ್ಲಿ ಬೇರೆಯದನ್ನು ಹಾಕಿಸಿದರು. ಬೆಸುಗೆಯ ಅಚ್ಚುಕಟ್ಟಿಗಿಂತ ಈ ನಡತೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ದೂರು ಎರಡಿದೆ. ಹತ್ತು ದಿನವೆಂದ ಕೆಲಸ ಮೂರನೆಯ ಸಲವೂ ಇಪ್ಪತ್ತೈದು ದಿನ ಹಿಡಿಯಿತು. ನೋಂದಣಿಯ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ ಎಂಬ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಆರ್‌ಟಿಒ ಕಚೇರಿಗೆ ನಾನಾಗಿಯೇ ಹೋಗಿ ವಿಚಾರಿಸಬೇಕಾಯಿತು.

ಐದಕ್ಕೆ ಮೂರೂವರೆ ಅಂಕ. ಇಂಥ ಕೆಲಸ ಮಾಡಿಸುವವರು ಸಾಗಿಸಬೇಕಾದ ಸಾಮಾನನ್ನು ಜೀಪಿಗೆ ಹಗ್ಗದಿಂದ ಬಿಗಿದು ತಮ್ಮೂರಿನ ಏರನ್ನೊಮ್ಮೆ ನಿಧಾನವಾಗಿ ಹತ್ತಿಸಿ ನೋಡಿದ ಮೇಲೆಯೇ ಅಳತೆ ಕೊಡುವುದು ಒಳ್ಳೆಯದು. ಶಿವಮೊಗ್ಗದ ಸಮತಟ್ಟು ರಸ್ತೆಯಲ್ಲಿ ನಮ್ಮ ಮೊದಲ ಚೌಕಟ್ಟೂ ಚೆನ್ನಾಗಿಯೇ ಓಡಿತ್ತು.