ಪುಟ್ಟ ಲೇತ್‌ಗೆ 80 ಎಂಎಂ ನಾಲ್ಕು ಜಾ ಚಕ್: ಬಳಸಿ ನೋಡಿದ ಮೇಲೆ

ಮಿನಿ ಲೇತ್ (ತುಂಡನ್ನು ತಿರುಗಿಸುತ್ತಾ ಕೊರೆಯುವ ಪುಟ್ಟ ಯಂತ್ರ) ಇಟ್ಟುಕೊಂಡವರು ದುಬಾರಿ ಮೂರು ಜಾ ಚಕ್‌ಗೆ ದುಡ್ಡು ಹಾಕುವ ಮೊದಲು ಸಾಧಾರಣ ನಾಲ್ಕು ಜಾ ಇಂಡಿಪೆಂಡೆಂಟ್ ಚಕ್ ಒಂದು, ಒಳ್ಳೆಯ ಡಯಲ್ (ಸೂಜಿ ಇರುವ ಅಳತೆ ಗೇಜ್) ಒಂದು ತಗೊಳ್ಳಿ. ಚಕ್ ಅಂದರೆ ತಿರುಗುವಾಗ ತುಂಡನ್ನು ಹಿಡಿದುಕೊಳ್ಳುವ ಭಾಗ, ಜಾ ಅಂದರೆ ಅದರ ಹಿಡಿಯುವ ಹಲ್ಲು. ಪುಣೆ ಹತ್ತಿರ ಚಿಂಚವಡದ ನಮ್ಮ ಮನೆಯಲ್ಲಿ 7 ಇಂಚಿನ ಲೇತ್ ಮೇಲೆ 80 ಎಂಎಂ ನಾಲ್ಕು ಜಾ ಹಾಕಿ ಓಡಿಸುತ್ತಿದ್ದೇನೆ. ಮೂರು ಜಾ ಈಗ ಜಾಸ್ತಿ ಡಬ್ಬಿಯಲ್ಲೇ ಇರುತ್ತದೆ.

ಲೇತ್ ಜೊತೆ ಬಂದ ಮೂರು ಜಾ ಕೆಟ್ಟದ್ದೇನಲ್ಲ. ಕೀ ತಿರುಗಿಸಿದರೆ ಒಳಗಿನ ಸ್ಕ್ರೋಲ್ (ಸುರುಳಿ ತೋಡಿನ ತಟ್ಟೆ) ಮೂರೂ ಜಾ ಒಟ್ಟಿಗೆ ತಳ್ಳುತ್ತದೆ, ಜಾಬ್ (ಕೊರೆಯಬೇಕಾದ ತುಂಡು) ತಟ್ಟನೆ ಹಿಡಿಯುತ್ತದೆ. ಆದರೆ ಆ ಸ್ಕ್ರೋಲ್‌ನ ತಪ್ಪೆಲ್ಲ ಜಾಬ್‌ಗೆ ಬರುತ್ತದೆ, ತಿದ್ದಲು ದಾರಿ ಇಲ್ಲ. ಅಗ್ಗದ ಚಕ್‌ಗಳಲ್ಲಿ 0.05ರಿಂದ 0.1 ಎಂಎಂ ಔಟ್ (ಸೆಂಟರ್ ತಪ್ಪಿ ತಿರುಗುವುದು) ಮಾಮೂಲು, ಅದೂ ಒಂದೊಂದು ಡಯಾಗೆ ಒಂದೊಂದು ಥರ. ಒಂದೇ ಹಿಡಿತದಲ್ಲಿ ಟರ್ನಿಂಗ್, ಡ್ರಿಲ್ಲಿಂಗ್, ಬೋರಿಂಗ್ ಮುಗಿಸಿ ಪಾರ್ಟಿಂಗ್ ಮಾಡಿ (ಕತ್ತರಿಸಿ ಬೇರ್ಪಡಿಸಿ) ತೆಗೆಯುವುದಾದರೆ ಈ ಔಟ್ ಲೆಕ್ಕಕ್ಕೇ ಬರುವುದಿಲ್ಲ, ಯಾಕಂದ್ರೆ ಜಾಬ್ ಹೇಗೇ ಕೂತಿದ್ದರೂ ಟೂಲ್ ಕೊರೆಯುವುದು ಸ್ಪಿಂಡಲ್‌ನ (ಚಕ್ ತಿರುಗಿಸುವ ದಂಡದ) ಸೆಂಟರ್ ಹಿಡಿದು. ಜಾಬ್ ಬಿಚ್ಚಿ, ತಿರುಗಿಸಿ, ಮತ್ತೆ ಹಿಡಿದಾಗಲೇ ತೊಂದರೆ ಶುರು.

ನಾಲ್ಕು ಜಾ ಬೇಕಾಗುವುದು ಅಲ್ಲಿ. ಒಂದೊಂದು ಜಾಗೂ ಬೇರೆ ಸ್ಕ್ರೂ, ಹಾಗಾಗಿ ಜಾಬ್ ಎಲ್ಲಿ ಕೂರಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ. ಮೋಟಾರ್ ಪ್ಲಗ್ ತೆಗೆದು, ಡಯಲ್‌ನ ತುದಿ ಜಾಬ್‌ಗೆ ಮುಟ್ಟಿಸಿ, ಒಂದನೇ ಜಾ ಎದುರು ಬಂದಾಗ ಸೊನ್ನೆ ಮಾಡಿ. ಕೈಯಿಂದ ಅರ್ಧ ಸುತ್ತು ತಿರುಗಿಸಿ ಎದುರು ಜಾ ಹತ್ತಿರ ಓದಿ. ಅಲ್ಲಿ 0.40 ತೋರಿಸಿದರೆ ಜಾಬ್ ಸರಿಯಬೇಕಾದದ್ದು ಅರ್ಧ, ಅಂದರೆ 0.20 ಮಾತ್ರ. ಹೊಸಬರು ಪೂರ್ತಿ 0.40 ಸರಿಸಲು ಹೋಗಿ ಸುಮ್ನೆ ಸುತ್ತಾಡುತ್ತಾರೆ. ತಗ್ಗು ಇರುವ ಕಡೆ ಸಡಿಲಿಸಿ, ಉಬ್ಬಿರುವ ಕಡೆ ಬಿಗಿ ಮಾಡಿ. ಆಮೇಲೆ ಇನ್ನೊಂದು ಜೋಡಿ. ಭೋಸರಿಯಲ್ಲಿ ಟರ್ನರ್ ಆಗಿರುವ ನಮ್ಮ ಬೆಳಗಾವಿಯ ಹುಡುಗರು ಎರಡು ಕೀ ಇಟ್ಟುಕೊಂಡು ಎದುರುಬದುರು ಜಾ ಒಟ್ಟಿಗೆ ತಿರುಗಿಸುತ್ತಾರೆ, ಅದು ನೋಡಲೇಬೇಕಾದ ಕೆಲಸ. ಎರಡನೇ ಕೀ ಖಂಡಿತ ತಗೊಳ್ಳಿ. ಕೈ ಪಳಗಿದರೆ 0.02ರ ಒಳಗೆ ತರುವುದು ಕೆಲವೇ ನಿಮಿಷದ ಕೆಲಸ.

ಇಷ್ಟಕ್ಕೇ ನಿಲ್ಲಿಸಬೇಡಿ. ಡಯಲನ್ನು ಚಕ್‌ನಿಂದ 50 ಎಂಎಂ ದೂರ ಸರಿಸಿ ಮತ್ತೆ ನೋಡಿ. ಹತ್ತಿರ ಸೊನ್ನೆ, ದೂರದಲ್ಲಿ ಔಟ್ ಇದ್ದರೆ ಜಾಬ್ ವಾಲಿದೆ ಎಂದು ಅರ್ಥ. ಅದು ಜಾ ಸ್ಕ್ರೂನಿಂದ ಸರಿಹೋಗುವುದಿಲ್ಲ, ಹೊರಗಿನ ತುದಿಗೆ ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮತ್ತೆ ಎರಡೂ ಕಡೆ ಓದಬೇಕು. ಫಿನಿಶ್ ಆದ ಮೈಗೆ ಜಾ ಗುರುತು ಬೀಳದಂತೆ ತೆಳು ತಾಮ್ರದ ಪಟ್ಟಿ ಇಡಿ.

ಈ ಚಕ್‌ನ ಕೊರತೆ ಹೇಳದಿದ್ದರೆ ತಪ್ಪಾಗುತ್ತದೆ. ನನಗೆ ಬಂದದ್ದರಲ್ಲಿ ಸ್ಕ್ರೂಗಳ ಒಳಗೆ ಗ್ರೈಂಡಿಂಗ್ ಪುಡಿ ತುಂಬಿತ್ತು, ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ ಮೇಲಷ್ಟೇ ಜಾ ನಯವಾಗಿ ಓಡಿದವು. ಜೊತೆಗೆ ಕೊಟ್ಟ ಕೀ ಸಡಿಲ, ಚೌಕದ ಮೂಲೆ ಬೇಗ ಸವೆಯುತ್ತದೆ. ಇಷ್ಟು ದುಡ್ಡು ತಗೊಂಡು ಕೀ ಸರಿಯಾಗಿ ಕೊಡಬೇಕಿತ್ತು, ಅಲ್ವಾ? ಹಿಡಿತ ಮಾತ್ರ ಗಟ್ಟಿ. ಜಾ ಬಿಚ್ಚಿ ತಿರುಗಿಸಿಯೂ ಹಾಕಬಹುದು, ದೊಡ್ಡ ಡಯಾಗೆ ಬೇರೆ ಸೆಟ್ ಬೇಕಿಲ್ಲ. ಚೌಕ, ಸೊಟ್ಟ ಎರಕದ ತುಂಡು, ಬೇಕೆಂದೇ ಸೆಂಟರ್ ತಪ್ಪಿಸಬೇಕಾದ ಎಕ್ಸೆಂಟ್ರಿಕ್, ಎಲ್ಲಕ್ಕೂ ನಡೆಯುತ್ತದೆ. ಸೊಟ್ಟ ಜಾಬ್ ಇದ್ದಾಗ ಸ್ಪೀಡ್ ಇಳಿಸಿ.

ತಗೊಳ್ಳುವ ಮೊದಲು ನಿಮ್ಮ ಸ್ಪಿಂಡಲ್ ಫ್ಲಾಂಜ್‌ನ (ಚಕ್ ಕೂರುವ ತಟ್ಟೆಯ) ತೂತುಗಳು ಚಕ್‌ಗೆ ಹೊಂದುತ್ತವಾ ಅಳೆದು ನೋಡಿ. ಕೈಯಲ್ಲಿ ಹಿಡಿದು ಆರಿಸಬೇಕೆಂದರೆ ಮುಂಬೈಯ ನಾಗದೇವಿ ಸ್ಟ್ರೀಟ್‌ಗೆ ಹೋಗಿ. ಡಯಲ್‌ಗೆ ನಾನು ನಂಬುವುದು ನಮ್ಮ ಪುಣೆಯದೇ ಬೇಕರ್ ಕಂಪನಿಯದನ್ನು, 0.01 ಎಂಎಂ ಲೀಸ್ಟ್ ಕೌಂಟ್ ಸಾಕು.

ಒಂದೇ ಅಳತೆಯ ಸಣ್ಣ ರಾಡ್ ಸಾಲಾಗಿ ಮಾಡುವವರಿಗೆ ಇದು ಬೇಡ, ಪ್ರತಿ ಸಲ ಡಯಲ್ ಹಿಡಿಯುವುದು ಬೇಸರ. ಅವರು ಇಆರ್32 ಕೊಲೆಟ್ (ರಾಡ್ ಸುತ್ತ ಬಿಗಿಯುವ ಸೀಳು ಬುಶ್) ನೋಡಲಿ, 20 ಎಂಎಂವರೆಗೆ ಹಿಡಿಯುತ್ತದೆ. ಆದರೆ ಸ್ಪಿಂಡಲ್ ಒಳಗಿನ ಎಂಟಿ3 ಟೇಪರ್‌ನಲ್ಲಿ (ಇಳಿಜಾರು ತೂತಿನಲ್ಲಿ) ಕೂರುವ ಕೊಲೆಟ್ ಚಕ್ ಬೇಡ, ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಡ್ರಾಬಾರ್ ಉದ್ದ ರಾಡ್‌ಗೆ ಅಡ್ಡ ಬರುತ್ತದೆ. ಫ್ಲಾಂಜ್‌ಗೆ ಕೂರುವುದನ್ನೇ ಕೇಳಿ ತಗೊಳ್ಳಿ.