ಮಾನವ ಹಕ್ಕುಗಳ ಕಡೆಯಿಂದ ಸಮಾಜಕಾರ್ಯ: ಧಾರವಾಡದಲ್ಲಿ ಕೂತು ಓದಿದ ಮೂರು ದಾರಿ

ಸಮಾಜಕಾರ್ಯವನ್ನು ಮಾನವ ಹಕ್ಕುಗಳ ಕಡೆಯಿಂದ, ಬೇರೆ ದೇಶಗಳ ಅನುಭವವನ್ನೂ ಸೇರಿಸಿಕೊಂಡು ಓದಬೇಕು ಅನ್ನುವವರಿಗೆ ಧಾರವಾಡದಲ್ಲಿ ಕೂತೇ ಮೂರು ದಾರಿ ಸಿಗುತ್ತವೆ. ಕಾಲೇಜಿಗೆ ಹೋಗಿ ಎಂ.ಎಸ್.ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾಡಬಹುದು. ದೂರಶಿಕ್ಷಣದಲ್ಲಿ ಮಾನವ ಹಕ್ಕು ಕಾನೂನಿನ ಡಿಪ್ಲೊಮಾ ತಗೊಳ್ಳಬಹುದು. ಇಲ್ಲವೇ ಹೊರದೇಶದ ವಿಶ್ವವಿದ್ಯಾಲಯಗಳ ಆನ್‌ಲೈನ್ ಕೋರ್ಸ್ ಸೇರಬಹುದು. ಮೂರನ್ನೂ ನಾನು ಒಂದರ ಹಿಂದೊಂದು ಮಾಡಿದ್ದೇನೆ. ಈಗ ಹಾವೇರಿ ಕಡೆ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ. ಯಾವುದು ಕೆಲಸಕ್ಕೆ ಬಂತು, ಯಾವುದು ನೋಟ್ಸಿನಲ್ಲೇ ಉಳಿಯಿತು ಅಂತ ಹೇಳಬಲ್ಲೆ.

ಹೋಲಿಕೆಗೆ ಒಂದು ಪ್ರಕರಣ ಇಟ್ಟುಕೊಳ್ಳೋಣ. ನಮ್ಮ ಭಾಗದಲ್ಲಿ ಪದೇ ಪದೇ ಎದುರಾಗುವಂಥದ್ದೇ. ಹದಿನಾರು ವರ್ಷದ ಹುಡುಗಿ, ಮದುವೆ ಗೊತ್ತಾಗಿದೆ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದಾರೆ. ನೀವು ಆ ಮನೆಗೆ ಹೋಗಬೇಕು.

ಎಂ.ಎಸ್.ಡಬ್ಲ್ಯೂ ಮಾಡಿದವರಿಗೆ ಆ ಮನೆಯೊಳಗೆ ಹೇಗೆ ಕೂರಬೇಕು ಅಂತ ಗೊತ್ತಿರುತ್ತದೆ. ಇದು ಸಣ್ಣ ಮಾತಲ್ಲ. ಮೊದಲು ಯಾರ ಹತ್ತಿರ ಮಾತಾಡಬೇಕು, ಹುಡುಗಿಯನ್ನು ಒಂಟಿಯಾಗಿ ಯಾವಾಗ ಮಾತಾಡಿಸಬೇಕು, ಮನೆಯಲ್ಲಿ ನಿಜವಾಗಿ ತೀರ್ಮಾನ ಮಾಡುವವರು ಯಾರು, ಮದುವೆಯ ಹಿಂದೆ ಸಾಲ ಇದೆಯಾ, ಹೈಸ್ಕೂಲ್ ದೂರ ಅಂತ ಓದು ನಿಲ್ಲಿಸಿದ್ದಾರಾ. ವಾರದಲ್ಲಿ ಎರಡು ದಿನದ ಫೀಲ್ಡ್ ವರ್ಕ್, ಪ್ರತಿ ವಾರ ಬರೆಯುವ ವರದಿ, ಅದನ್ನು ಸೂಪರ್ವೈಸರ್ ಎದುರು ಕೂತು ಮಾತಾಡುವುದು, ಹಳ್ಳಿ ಶಿಬಿರ, ಕೊನೆಗೆ ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಒಂದೇ ಸಂಸ್ಥೆಯಲ್ಲಿ ಬಿಡುವಿಲ್ಲದೆ ಕೆಲವು ವಾರ ಕೆಲಸ. ಇವೆಲ್ಲ ಸೇರಿ ಈ ತಿಳಿವಳಿಕೆ ಬರುತ್ತದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಇಡುವ ಸಾಮಾಜಿಕ ತನಿಖಾ ವರದಿ ಬರೆಯುವ ಕೈಯೂ ಅಲ್ಲೇ ತಯಾರಾಗುತ್ತದೆ.

ಆದರೆ ನಮಗೆ ಪಾಠ ಮಾಡಿದ ರೀತಿಯಲ್ಲಿ ಒಂದು ದೊಡ್ಡ ಕೊರತೆ ಇತ್ತು. ಸಮಾಜಕಾರ್ಯಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಮೇರಿ ರಿಚ್ಮಂಡ್ 1917ರಲ್ಲಿ ಅಮೆರಿಕದಲ್ಲಿ ಬರೆದದ್ದು ಬಾಯಿಪಾಠ ಆಗಿತ್ತು. ಎದುರಿಗೆ ಬಂದವರ ಕಷ್ಟ ಏನು, ಯಾವ ಯೋಜನೆಯಿಂದ ಏನು ಕೊಡಿಸಬಹುದು ಅಂತ ಹುಡುಕಲು ಕಲಿಸಿದರು. ಇದು ಅವರಿಗೆ ಸಲ್ಲಬೇಕಾದದ್ದು, ಕೊಡದೇ ಇದ್ದರೆ ಉತ್ತರ ಹೇಳಬೇಕಾದವರು ಯಾರು, ಈ ಪ್ರಶ್ನೆ ತರಗತಿಯಲ್ಲಿ ಏಳಲೇ ಇಲ್ಲ. ಮಾನವ ಹಕ್ಕು ಅಂದರೆ ಡಿಸೆಂಬರ್ 10ರ ಮಾನವ ಹಕ್ಕು ದಿನದ ಭಾಷಣ, ಅಷ್ಟೇ.

ಧಾರವಾಡದಲ್ಲಿ ಇದನ್ನು ಕಲಿಸಲು ಬೇಕಾದದ್ದೆಲ್ಲ ಇದೆ, ಅದಕ್ಕೇ ಬೇಸರ ಜಾಸ್ತಿ. 1845ರಿಂದ ಮಾನಸಿಕ ಕಾಯಿಲೆಯವರಿಗೆ ಚಿಕಿತ್ಸೆ ನಡೆಯುತ್ತಾ ಬಂದಿರುವ ಡಿಮ್ಹಾನ್ಸ್ ಆಸ್ಪತ್ರೆ ಇದೇ ಊರಲ್ಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದದ್ದೇ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದಕ್ಕೆ ನಮ್ಮ ಕಾನೂನನ್ನು ಹೊಂದಿಸಲು. ಕಾಯ್ದೆಯ ಪೀಠಿಕೆಯೇ ಹಾಗೆ ಹೇಳುತ್ತದೆ. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಹಕ್ಕನ್ನು ಆ ಕಾಯ್ದೆ ಕೊಡುತ್ತದೆ. ನಾವು ಕೇಸ್ ಹಿಸ್ಟರಿ ಬರೆಯುವುದನ್ನು ಚೆನ್ನಾಗಿ ಕಲಿತೆವು. ಈ ಹಕ್ಕಿನ ಸುದ್ದಿ ಯಾರೂ ಎತ್ತಲಿಲ್ಲ.

ಮುಂಡಗೋಡವೂ ಹಾಗೆಯೇ. ಹುಬ್ಬಳ್ಳಿಯಿಂದ ಬಸ್ ಹತ್ತಿದರೆ ದೂರವೇನಿಲ್ಲ. 1960ರ ದಶಕದಿಂದ ಟಿಬೆಟಿನ ನಿರಾಶ್ರಿತರು ಅಲ್ಲಿ ನೆಲೆ ನಿಂತಿದ್ದಾರೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೂ, 1967ರ ಪ್ರೋಟೋಕಾಲ್‌ಗೂ ಸೇರಿಲ್ಲ. ಹಾಗಿದ್ದಾಗ ಈ ಜನರು ಯಾವ ಆಧಾರದ ಮೇಲೆ ಇಲ್ಲಿದ್ದಾರೆ? ಇಲ್ಲಿ ಹುಟ್ಟಿದ ಮಕ್ಕಳ ಗತಿ ಏನು? ಅಂತಾರಾಷ್ಟ್ರೀಯ ಸಮಾಜಕಾರ್ಯಕ್ಕೆ ಇದಕ್ಕಿಂತ ಹತ್ತಿರದ ಪಾಠ ಬೇಕಾ? ನಮ್ಮ ಬ್ಯಾಚನ್ನು ಅಲ್ಲಿಗೆ ಕರೆದುಕೊಂಡು ಹೋಗಲೇ ಇಲ್ಲ.

ಆಮೇಲೆ ಡಿಪ್ಲೊಮಾ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸೇರಿದಂತೆ ಕೆಲವು ಕಡೆ ಇಂಥ ದೂರಶಿಕ್ಷಣ ಇದೆ. ನಾನು ಮಾಡಿದ್ದು ಎಲ್ಲಿ ಅನ್ನುವುದು ಇಲ್ಲಿ ಮುಖ್ಯವಲ್ಲ. ಕೆಲಸ ಬಿಡದೆ ಓದಬಹುದು, ಖರ್ಚೂ ಕಡಿಮೆ. ಓದು ಪೂರ್ತಿ ಇಂಗ್ಲಿಷಿನಲ್ಲಿ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡುವಾಗ ಬಹುಪಾಲು ಓದಿ ಮುಗಿಸಿದೆ.

ಅದೇ ಹುಡುಗಿಯ ಪ್ರಕರಣಕ್ಕೆ ಬನ್ನಿ. 2006ರ ಕೇಂದ್ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ತಾನಾಗಿ ರದ್ದಾಗುವುದಿಲ್ಲ. ಮದುವೆಯಾಗುವಾಗ ಅಪ್ರಾಪ್ತರಾಗಿದ್ದವರು ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕದ ತಿದ್ದುಪಡಿ ಮುಂದೆ ಹೋಗಿ, ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಅನ್ನುತ್ತದೆ. ಮಹಿಳೆಯರ ಮೇಲಿನ ತಾರತಮ್ಯ ತೊಡೆಯುವ ವಿಶ್ವಸಂಸ್ಥೆ ಒಪ್ಪಂದದ 16ನೇ ವಿಧಿಯ ಎರಡನೇ ಭಾಗವೂ ಅದನ್ನೇ ಹೇಳುತ್ತದೆ: ಮಗುವಿನ ಮದುವೆಗೆ ಕಾನೂನಿನ ಬಲ ಇರಕೂಡದು, ಎಲ್ಲ ಮದುವೆಗಳ ನೋಂದಣಿ ಕಡ್ಡಾಯ ಆಗಬೇಕು. ಭಾರತ 1993ರಲ್ಲಿ ಈ ಒಪ್ಪಂದಕ್ಕೆ ಸೇರಿತು. ಆದರೆ ಕಡ್ಡಾಯ ನೋಂದಣಿಯ ತತ್ವ ಸರಿ, ಇಷ್ಟು ದೊಡ್ಡ ದೇಶದಲ್ಲಿ ಅದು ಪ್ರಾಯೋಗಿಕವಲ್ಲ ಅಂತ ಒಂದು ಹೇಳಿಕೆಯನ್ನೂ ಜೊತೆಗಿಟ್ಟಿತು. ಇದನ್ನು ಓದಿದ ದಿನ ನನಗೆ ನಮ್ಮ ಹಳ್ಳಿಗಳ ಮದುವೆಗಳೇ ಕಣ್ಣ ಮುಂದೆ ಬಂದವು. ನೋಂದಣಿ ಇಲ್ಲದ ಮದುವೆಯಲ್ಲಿ ವಯಸ್ಸು ನೋಡುವವರು ಯಾರು? ವರ್ಷಗಟ್ಟಲೆ ಕಂಡ ಒಂದು ಕಷ್ಟದ ಬೇರು ಎಲ್ಲೆಲ್ಲಿ ಹರಡಿದೆ ಅಂತ ತೋರಿಸಿದ್ದು ಡಿಪ್ಲೊಮಾ.

ಆದರೆ ಆ ಓದಿನಲ್ಲಿ ಜನರೇ ಇಲ್ಲ. ಹುಡುಗಿ ಅಳುತ್ತಾಳೆ ಅನ್ನುವುದು ಎಲ್ಲೂ ಬರುವುದಿಲ್ಲ. ಮದುವೆ ನಿಂತ ಮರುದಿನ ಆ ಮನೆಯಲ್ಲಿ ಅವಳ ಪಾಡೇನು ಅನ್ನುವುದೂ ಇಲ್ಲ. ಕಾನೂನು ಗೆದ್ದಲ್ಲಿಗೆ ಅಧ್ಯಾಯ ಮುಗಿಯುತ್ತದೆ. ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ. ಫೀಲ್ಡ್ ನೋಡದೆ ನೇರವಾಗಿ ಡಿಪ್ಲೊಮಾ ಮಾಡಿದ ಗೆಳೆಯರು ಸೆಕ್ಷನ್ ನಂಬರ್ ಹೇಳುತ್ತಾ ಮನೆಯೊಳಗೆ ಹೋದದ್ದನ್ನು, ಊರಿಗೆ ಊರೇ ಅವರ ವಿರುದ್ಧ ನಿಂತದ್ದನ್ನು ನೋಡಿದ್ದೇನೆ.

ಆನ್‌ಲೈನ್ ಕೋರ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಠ ಹೇಳುವವರು ಅತ್ಯುತ್ತಮ, ಅದರಲ್ಲಿ ಎರಡು ಮಾತಿಲ್ಲ. ಸುಮ್ನೆ ಕೇಳುವುದಕ್ಕೆ ಎಷ್ಟೋ ಕಡೆ ದುಡ್ಡೂ ಬೇಡ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಕಟ್ಟಬೇಕು. ದಕ್ಷಿಣ ಆಫ್ರಿಕಾದ ಗ್ರೂಟ್‌ಬೂಮ್ ಪ್ರಕರಣ ನನಗೆ ಗೊತ್ತಾಗಿದ್ದು ಅಲ್ಲಿಂದಲೇ. ಮನೆಯಿಲ್ಲದೆ ಬಯಲಿಗೆ ಬಿದ್ದವರ ವಿಷಯದಲ್ಲಿ ಸರ್ಕಾರ ಏನಾದರೂ ಮಾಡಲೇಬೇಕು ಅಂತ 2000ನೇ ಇಸವಿಯಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳಿತು. ಅದಕ್ಕೆ ಹದಿನೈದು ವರ್ಷ ಮೊದಲೇ, 1985ರಲ್ಲಿ, ಮುಂಬೈ ಫುಟ್‌ಪಾತ್‌ನವರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಅಂದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದ ಮೇಲೆ ಹುಬ್ಬಳ್ಳಿಯ ದುರ್ಗದಬೈಲಿನ ಬೀದಿ ವ್ಯಾಪಾರಿಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

ಉಳಿದಂತೆ ಉದಾಹರಣೆಗಳು ಯುರೋಪಿನ ಕಡೆ ವಾಲುತ್ತವೆ. ಪಂಚಾಯ್ತಿ, ಜಾತಿ, ಅಂಗನವಾಡಿ ಯಾವುದೂ ಅಲ್ಲಿಲ್ಲ. ನಮ್ಮ ಕಡೆಯ ಸಂಸ್ಥೆಗಳು ಕೆಲಸ ಕೊಡುವಾಗ ಆ ಸರ್ಟಿಫಿಕೇಟಿಗೆ ಬೆಲೆಯನ್ನೂ ಕೊಡುವುದಿಲ್ಲ. ಇದನ್ನೇ ನಂಬಿ ಎಂ.ಎಸ್.ಡಬ್ಲ್ಯೂ ಬಿಡಬೇಡಿ.

ನನ್ನ ತೀರ್ಮಾನ ಸ್ಪಷ್ಟ. ಎಂ.ಎಸ್.ಡಬ್ಲ್ಯೂ ಮೊದಲು. ತರಗತಿ ಎಷ್ಟೇ ಸಪ್ಪೆಯಾಗಿರಲಿ, ಒಳ್ಳೆಯ ಫೀಲ್ಡ್ ವರ್ಕ್ ಕೊಡುವ ಕಾಲೇಜನ್ನೇ ಆರಿಸಿಕೊಳ್ಳಿ. ಸೇರುವ ಮುಂಚೆ ಹಳೆಯ ವಿದ್ಯಾರ್ಥಿಗಳನ್ನು ಕೇಳಿ: ಯಾವ ಸಂಸ್ಥೆಗೆ ಕಳಿಸುತ್ತಾರೆ, ಸೂಪರ್ವೈಸರ್ ವರದಿ ಓದುತ್ತಾರಾ, ಸುಮ್ನೆ ಸಹಿ ಹಾಕುತ್ತಾರಾ. ಕೆಲಸಕ್ಕೆ ಸೇರಿ ಸ್ವಲ್ಪ ಕಾಲ ಜನರ ನಡುವೆ ಇದ್ದ ಮೇಲೆ ಡಿಪ್ಲೊಮಾ ಮಾಡಿ. ಆಗ ಒಂದೊಂದು ವಿಧಿಗೂ ಒಂದೊಂದು ಮುಖ ನೆನಪಾಗುತ್ತದೆ.

ಡಿಪ್ಲೊಮಾದ ಫೀಸೂ ಕಷ್ಟ ಅನ್ನುವವರು ಮೂಲ ದಾಖಲೆಗಳನ್ನೇ ಓದಿ. ನನಗೆ ನಿಜಕ್ಕೂ ಹೆಚ್ಚು ಕಲಿಸಿದ್ದು ಅವೇ. 1948ರ ಸಾರ್ವತ್ರಿಕ ಘೋಷಣೆ ಕನ್ನಡದಲ್ಲೇ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ತಾಣದಲ್ಲಿದೆ. 30 ವಿಧಿ, ಅಷ್ಟೇ. 25ನೆಯದನ್ನು ನಿಧಾನವಾಗಿ ಓದಿ: ಊಟ, ಬಟ್ಟೆ, ಮನೆ, ವೈದ್ಯಕೀಯ ಆರೈಕೆ, ಅಗತ್ಯ ಸಾಮಾಜಿಕ ಸೇವೆ ಎಲ್ಲ ಅದರಲ್ಲಿದೆ. ನಂತರ ಮಕ್ಕಳ ಹಕ್ಕುಗಳ ಒಪ್ಪಂದ. ಅದರ 12ನೇ ವಿಧಿ, ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೆ ಬೆಲೆ ಕೊಡಬೇಕು ಅನ್ನುತ್ತದೆ. ಸಮಾಜಕಾರ್ಯ ಶಾಲೆಗಳಿಗೆ ಅಂತಲೇ ವಿಶ್ವಸಂಸ್ಥೆ 1994ರಲ್ಲಿ ಹೊರತಂದ ಕೈಪಿಡಿ ಇಂಗ್ಲಿಷಿನಲ್ಲಿ ಪುಕ್ಕಟೆ ಸಿಗುತ್ತದೆ. 2014ರಲ್ಲಿ ಮೆಲ್ಬರ್ನ್‌ನಲ್ಲಿ ಒಪ್ಪಿದ ಸಮಾಜಕಾರ್ಯದ ಜಾಗತಿಕ ವ್ಯಾಖ್ಯೆಯನ್ನೂ ನೋಡಿ. ಮಾನವ ಹಕ್ಕು, ಸಾಮಾಜಿಕ ನ್ಯಾಯ ಅದರ ನಡುಮಧ್ಯದಲ್ಲಿವೆ. ಸ್ಥಳೀಯ ಸಮುದಾಯಗಳ ಜ್ಞಾನಕ್ಕೂ ಅಲ್ಲಿ ಜಾಗ ಇದೆ. ಹಾಗಾಗಿ ನಮ್ಮ ಊರಿನ ಹಿರಿಯರು ಜಗಳ ಬಿಡಿಸುವ ರೀತಿಯೂ ಓದಬೇಕಾದ ವಿಷಯವೇ.

ಮೂರು ದಾರಿಗಳಲ್ಲಿ ಯಾವುದೂ ಕಲಿಸದ ಒಂದು ಕೆಲಸ ಇದೆ: ದೂರು ಬರೆಯುವುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ ದೂರು ಕೊಡಬಹುದು. ಫೀಸಿಲ್ಲ, ವಕೀಲರು ಬೇಕಿಲ್ಲ. ಆದರೆ ಘಟನೆ ನಡೆದು ಒಂದು ವರ್ಷ ದಾಟಿದರೆ 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ ಪ್ರಕಾರ ಆಯೋಗ ವಿಚಾರಣೆ ಮಾಡುವಂತಿಲ್ಲ. ಹಾಗಾಗಿ ಫೀಲ್ಡ್ ಡೈರಿಯಲ್ಲಿ ದಿನಾಂಕ, ಜಾಗ, ಯಾವ ಕಚೇರಿಗೆ ಹೋದಿರಿ, ಅಲ್ಲಿ ಏನು ಉತ್ತರ ಕೊಟ್ಟರು ಅನ್ನುವುದನ್ನು ಅದೇ ದಿನ ಬರೆದಿಡಿ. ಎಂ.ಎಸ್.ಡಬ್ಲ್ಯೂ ಓದುತ್ತಿರುವಾಗಲೇ ಇಂಥ ಒಂದು ದೂರಿನ ಕರಡು ಬರೆದು ಸೂಪರ್ವೈಸರ್‌ಗೆ ತೋರಿಸಿ. ಅವರಿಗೂ ಹೊಸದಾಗಿದ್ದರೆ ಇಬ್ಬರೂ ಕೂತು ತಿದ್ದಿ.